ಹನ್ನೊಂದು ಗೆಲುವಿನ ಮೌನ

ಥೆರನ್ ನನ್ನ ಜೊತೆ ಫುಟ್ಬಾಲ್ ಬಿಟ್ಟು ಬೇರೆ ಮಾತಾಡಿ ಹದಿನಾಲ್ಕು ತಿಂಗಳಾಗಿತ್ತು.

ಮುನಿಸು ಅನ್ನೋಣವೆಂದರೆ ಮುಖದಲ್ಲಿ ಮುನಿಸಿರಲಿಲ್ಲ. ಪಂದ್ಯದ ದಿನ ನಾನು ಬಸ್ಸಿನಿಂದ ಇಳಿದರೆ ದೂರದಿಂದಲೇ ಟೋಪಿ ಮುಟ್ಟಿ ತಲೆಯಾಡಿಸುತ್ತಿದ್ದ. ಬಾಣಲೆಯಿಂದ ತೆಗೆದ ಮೊದಲ ಮೀನಿನ ತಟ್ಟೆ ನನಗೇ ಬರುತ್ತಿತ್ತು, ಆದರೆ ಅವನ ಕೈಯಿಂದಲ್ಲ, ಅವನ ಸೋದರಮಾವನ ಹೆಂಡತಿಯ ಕೈಯಿಂದ. ನಾನು ಮೇಜಿನ ಈಚೆ ಕೂತರೆ ಅವನ ಕುರ್ಚಿ ಆಚೆ. ನಾನು ಆಚೆ ಹೋದರೆ ಅವನಿಗೆ ಈಚೆ ಏನೋ ಕೆಲಸ. "ಹೇಗಿದ್ದೀರ ಥೆರನ್?" ಎಂದು ಕೇಳಿದರೆ, "ಈ ಸಲ ನಮ್ಮ ಎಡಗಡೆ ಸಾಲು ಗಟ್ಟಿ ಇದೆ ಮೇಡಂ" ಅನ್ನುತ್ತಿದ್ದ.

ಇಂಥವನನ್ನು ಮರೆತುಬಿಡುವುದು ಸುಲಭ ಎಂದು ನೀವು ಹೇಳಬಹುದು. ಆರಡಿ ಮೂರಂಗುಲದ, ಯೋಚನೆ ಬಂದರೆ ಎಡಗಿವಿ ಎಳೆದುಕೊಳ್ಳುವ, ನಗು ಬಂದರೆ ಮೊದಲು ನೆಲ ನೋಡಿ ಆಮೇಲೆ ನಗುವ ಗಂಡಸನ್ನು ನೀವು ಮರೆತು ತೋರಿಸಿ, ಆಮೇಲೆ ಮಾತಾಡೋಣ.

ನಾವು ಬೆಲ್‌ಫೋರ್ಡ್ ಕಾಲೇಜಿನವರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್ಬಾಲ್ ಆಡುವ ನಮ್ಮ ತಂಡದ ಹೆಸರು ಕೊಕ್ಕರೆ. ಓದಿ ಮುಗಿಸಿ ಎಷ್ಟು ವರ್ಷವಾದರೂ ಶನಿವಾರ ಬಂತೆಂದರೆ ಹಸಿರು ಬಟ್ಟೆ ತೊಟ್ಟು ಸ್ಟೇಡಿಯಮ್ಮಿನ ಪಾರ್ಕಿಂಗ್ ಜಾಗಕ್ಕೆ ಬಂದು ಬೀಳುವ ಜನ. ನಾನು ಲವೋನ್, ಉತ್ತರದ ಒಂದು ಊರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಬೀಜಗಣಿತ ಕಲಿಸುತ್ತೇನೆ. ಥೆರನ್ ದಕ್ಷಿಣದ ಕಡಲ ತೀರದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಾನೆ. ನಮ್ಮಿಬ್ಬರ ಊರಿನ ನಡುವೆ ಇನ್ನೂರು ಮೈಲಿ, ಆ ಇನ್ನೂರರ ನಡುವೆ ಕಾಲೇಜು. ಆರು ವರ್ಷದಿಂದ ನೀರಿನ ಟ್ಯಾಂಕಿನ ಕೆಳಗೆ, ಅವನ ಸೋದರಮಾವನ ಟ್ರಕ್ಕಿನ ಪಕ್ಕ, ವರ್ಷಕ್ಕೆ ಆರೇಳು ಶನಿವಾರ ಭೇಟಿ. ಅಷ್ಟೇ ನಮ್ಮ ಸಂಬಂಧ.

ಹೋದ ವರ್ಷ ಅಕ್ಟೋಬರಿನಲ್ಲಿ, ಹಳೆ ವಿದ್ಯಾರ್ಥಿಗಳೆಲ್ಲ ಸೇರುವ ಹಬ್ಬದ ಪಂದ್ಯದ ದಿನ, ಅವನು ನೆಲ ನೋಡಿಕೊಂಡು, "ಗೇಟಿನವರೆಗೆ ನನ್ನ ಜೊತೆ ನಡೀತೀರಾ ಮೇಡಂ?" ಎಂದು ಕೇಳಿದ್ದ. ನಡೆದೆವು. ಅವನ ತೋಳು ನನ್ನ ತೋಳಿಗೆ ಎರಡು ಸಲ ತಾಗಿತು, ಎರಡು ಸಲವೂ ಅವನೇ ಸಾರಿ ಅಂದ. ಗೇಟಿನ ಹತ್ತಿರ ನಿಂತು, "ಆಟ ಮುಗಿದ ಮೇಲೆ ನಿಮ್ಮನ್ನ ಒಂದು ಮಾತು ಕೇಳ್ಬೇಕು" ಅಂದ. ನಾನು ಆ ದಿನ ಆಟವನ್ನೇ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು, ಆ ವರ್ಷ ಅಲ್ಲಿಯವರೆಗೆ ಒಂದೂ ಗೆಲ್ಲದ ತಂಡದ ಕೈಯಲ್ಲಿ ನಾವು ಸೋತೆವು.

ಆ ಒಂದು ಮಾತು ಬರಲಿಲ್ಲ. ಮುಂದಿನ ಶನಿವಾರ ಅವನ ಕುರ್ಚಿ ಮೇಜಿನ ಆಚೆಗೆ ಹೋಗಿತ್ತು. ನಾನು ನನ್ನ ಲೆಕ್ಕ ಹಾಕಿಕೊಂಡೆ: ನನ್ನ ಜೊತೆ ಇನ್ನೂರು ಹೆಜ್ಜೆ ನಡೆದ, ಇಷ್ಟವಾಗಲಿಲ್ಲ. ಬೀಜಗಣಿತ ಕಲಿಸುವವರ ಲೆಕ್ಕವೆಲ್ಲ ಸರಿಯಿರಬೇಕೆಂದೇನೂ ಇಲ್ಲ.

ಈಗ ಇದು ಕೊನೆಯ ಪಂದ್ಯ. ಕೊನೆಯದೆಂದರೆ ಈ ವರ್ಷದ್ದಲ್ಲ, ಎಂದೆಂದಿಗೂ ಕೊನೆಯದು. ಫುಟ್ಬಾಲ್ ನಡೆಸುವುದು ಇನ್ನು ನಮ್ಮಿಂದಾಗದು ಎಂದು ಕಾಲೇಜಿನವರು ವಸಂತದಲ್ಲೇ ಹೇಳಿಬಿಟ್ಟಿದ್ದರು. ತೊಂಬತ್ತೆಂಟು ವರ್ಷದ ತಂಡ. ಮುಚ್ಚುತ್ತೇವೆಂದ ವರ್ಷವೇ ನಮ್ಮ ಕೊಕ್ಕರೆಗಳು ಹುಚ್ಚು ಹಿಡಿದ ಹಾಗೆ ಗೆದ್ದು, ವರ್ಷದ ಕೊನೆಯಲ್ಲಿ ಒಳ್ಳೆಯ ತಂಡಗಳನ್ನು ಕರೆದು ಆಡಿಸುವ ಓಲ್ಡ್ ಹಾರ್ಬರ್ ಬೌಲ್ ಪಂದ್ಯಕ್ಕೆ ಬಂದು ನಿಂತಿದ್ದವು.

ಹಾಗಾಗಿ ಡಿಸೆಂಬರಿನ ಆ ಶನಿವಾರ ಬೆಳಿಗ್ಗೆ ನಾವೆಲ್ಲ ಪರವೂರಿನ ಬಂದರಿನಲ್ಲಿ, ಪರರ ಸ್ಟೇಡಿಯಮ್ಮಿನ ಪಾರ್ಕಿಂಗಿನಲ್ಲಿ ಇದ್ದೆವು. ಆಟ ಹನ್ನೆರಡಕ್ಕೆ. ನಾನು ಹಿಂದಿನ ದಿನವೇ ನಮ್ಮೂರಿನ ಹಳೆ ವಿದ್ಯಾರ್ಥಿಗಳ ಬಸ್ಸಿನಲ್ಲಿ ಬಂದು ಮೋಟೆಲಿನಲ್ಲಿ ಮಲಗಿ ಎದ್ದಿದ್ದೆ. ಬ್ಯಾಗು ಬಸ್ಸಿನ ಹೊಟ್ಟೆಯಲ್ಲಿತ್ತು. ಆಟ ಮುಗಿದ ಅರ್ಧ ಗಂಟೆಗೆ ಬಸ್ಸು ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ ಎಂದು ಡ್ರೈವರು ಎರಡು ಸಲ ಹೇಳಿದ್ದ.

ಆಮೇಲೆ ಶನಿವಾರಗಳಿಲ್ಲ. ದೋಣಿಯೇ ಇಲ್ಲದವಳು ಎಂಜಿನ್ ರಿಪೇರಿ ಎಂದು ಇನ್ನೂರು ಮೈಲಿ ಹೋಗುವುದು ಹೇಗೆ? ಅವನಂತೂ ಬೀಜಗಣಿತ ಕಲಿಯಲು ಬರುವವನಲ್ಲ. ಇವತ್ತು ಬಸ್ಸು ಹೊರಟರೆ ಮುಗಿಯಿತು, ನಾನು ಆ ಮನುಷ್ಯನನ್ನು ಮತ್ತೆ ನೋಡುವುದಿಲ್ಲ. ನಾನು ಟ್ರಕ್ಕಿನತ್ತ ನಡೆದೆ.

ಟ್ರಕ್ಕು ಹಾಲಿಸ್ ಮಾಮನದು. ಥೆರನ್‌ಗೆ ಅವರು ಸ್ವಂತ ಸೋದರಮಾವ, ಮಿಕ್ಕ ನಮಗೆಲ್ಲ ಬಾಯಿಮಾತಿನ ಮಾಮ. ಎಪ್ಪತ್ತೆರಡು ವರ್ಷ, ತೆಳ್ಳಗಿನ ಮೈ, ಅಧಿಕಾರದ ದನಿ. ಕಾಲೇಜಿನ ಪಾರ್ಕಿಂಗಿನಲ್ಲಿ ಟ್ರಕ್ಕು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರಿಂದ ಇಲ್ಲೂ ಪೂರ್ವಕ್ಕೇ ನಿಲ್ಲಿಸಿದ್ದರು. ಆಟಕ್ಕೆ ಸರಿಯಾಗಿ ಎರಡು ಗಂಟೆ ಮುಂಚೆ ಮೀನು ಎಣ್ಣೆಗೆ ಬೀಳಬೇಕು, ರೇಡಿಯೋ ಆರಿಸಬಾರದು, ಗೆದ್ದ ದಿನದ ಕಾಲುಚೀಲ ಒಗೆಯಬಾರದು. ನಮ್ಮ ಜಾಗದಲ್ಲಿ ಇದನ್ನೆಲ್ಲ ಯಾರೂ ತಮಾಷೆಗೆ ಮಾಡುವುದಿಲ್ಲ.

ನಾನು ಹೋದಾಗ ಮೇಜಿನ ಮೇಲೆ ಯುದ್ಧ ಶುರುವಾಗಿತ್ತು. ಥೆರನ್ ಏಳು ನಿಂಬೆಹಣ್ಣುಗಳನ್ನು ಸಾಲಾಗಿ ಜೋಡಿಸಿ, ಹಿಂದೆ ಖಾರದ ಸಾಸಿನ ಬಾಟಲಿ, ಅದರ ಹಿಂದೆ ಉಪ್ಪಿನ ಡಬ್ಬಿ ಇಟ್ಟಿದ್ದ. ನಿಂಬೆಗಳು ನಮ್ಮ ಮುಂದಿನ ಸಾಲು, ಬಾಟಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್, ಉಪ್ಪು ಚೆಂಡು ಹಿಡಿದು ಓಡುವ ಓಟಗಾರ. ಎದುರಿಗೆ ಮಾರ್ಲೋ ಸ್ಟೇಟ್ ತಂಡದವರಾಗಿ ಬಿಸ್ಕತ್ತುಗಳು ನಿಂತಿದ್ದವು.

"ಮೊದಲನೇ ಆಟ ಓಟವೇ" ಎಂದು ಥೆರನ್ ಎಡಗಡೆಯ ಒಂದು ನಿಂಬೆಯ ಮೇಲೆ ಬೆರಳಿಟ್ಟ. "ಇಲ್ಲಿ, ಎಡ ಗಾರ್ಡ್ ಹಿಂದೆ."

ಅದು ಕಾಲೇಜಿನಲ್ಲಿ ಅವನು ಆಡಿದ ಜಾಗ. ಎದುರಾಳಿಯನ್ನು ಎದೆಗೊಟ್ಟು ತಡೆದು ಚೆಂಡು ಹಿಡಿದವನಿಗೆ ದಾರಿ ಬಿಡಿಸುವ ಕೆಲಸ. ಯಾವ ಪ್ರಶ್ನೆ ಕೇಳಿದರೂ ಅವನ ಉತ್ತರ ಎಡ ಗಾರ್ಡ್ ಹಿಂದೆಯೇ.

"ಅದು ಮಾರ್ಲೋದವರ ಮನೆ ಬೆಕ್ಕಿಗೂ ಗೊತ್ತು" ಎಂದು ನಾನು ಕುರ್ಚಿ ಎಳೆದುಕೊಂಡೆ. "ನಮ್ಮ ಕ್ವಾರ್ಟರ್‌ಬ್ಯಾಕ್ ಬೇರೆ ಕಾಲೇಜು ಹುಡ್ಕೊಂಡು ಹೋದ. ಇವತ್ತು ಆಡೋನು ಹೊಸಬ, ಪ್ರೂಯಿಟ್. ಹೊಸಬ ಎಸೆಯಲ್ಲ, ಓಡಿಸ್ತಾರೆ ಅಂತ ಅವರು ಹೀಗೆ ನಿಲ್ತಾರೆ." ಎಂಟು ಬಿಸ್ಕತ್ತುಗಳನ್ನು ನಿಂಬೆಗಳ ಮೂಗಿಗೆ ತಾಗುವಂತೆ ತಳ್ಳಿದೆ. "ಈಗ ಓಡಿ ನೋಡೋಣ."

ಥೆರನ್ ಕಿವಿ ಎಳೆದುಕೊಂಡ. "ಹೊಸಬನಿಗೆ ಕೈ ನಡುಗುತ್ತೆ ಮೇಡಂ. ಎರಡು ಸಲ ಓಡಿಸ್ಲಿ, ಒಂದೆರಡು ಏಟು ಬೀಳ್ಲಿ, ಮೈ ಬಿಸಿ ಆಗ್ಲಿ. ಆಮೇಲೆ ಎಸೀಲಿ."

"ನಿಮಗೆ ಮೈ ಬಿಸಿ ಆಗೋ ಹೊತ್ತಿಗೆ ಗಡಿಯಾರ ಮುಗ್ದಿರುತ್ತೆ. ಮೊದಲನೇದರಲ್ಲೇ ಎಸೆದುಬಿಡ್ಬೇಕು. ಓಟಗಾರನಿಗೆ ಕೊಟ್ಟ ಹಾಗೆ ಮಾಡಿ, ಕೊಡದೆ, ಉದ್ದಕ್ಕೆ ಎಸೀಬೇಕು. ಈ ಎಂಟೂ ಜನ ಬೆಪ್ಪಾಗಿ ನೋಡ್ತಾ ನಿಂತಿರ್ತಾರೆ."

"ಹಿಡೀದೆ ಬಿಟ್ಟುಬಿಟ್ರೆ?"

"ಬಿಡ್ಲಿ. ಇನ್ನೂ ಮೂರು ಅವಕಾಶ ಇರುತ್ತಲ್ಲ."

"ಎದುರಾಳಿ ಹಿಡಿದ್ಬಿಟ್ರೆ?"

"ಥೆರನ್, ನೀವು ಹಿಡೀದೇ ಇರೋದು, ಬೇರೆಯವರು ಹಿಡಿಯೋದು, ಬೀಳೋದು ಎಲ್ಲಾ ಯೋಚ್ನೆ ಮಾಡ್ತೀರ. ನಮ್ಮವನೇ ಹಿಡಿದ್ರೆ ಅಂತ ಒಂದ್ಸಲ ಯೋಚ್ನೆ ಮಾಡಿ ನೋಡಿ."

ಅವನು ತಲೆಯೆತ್ತಿದ. ಆ ಕಣ್ಣು ನನ್ನ ಮುಖದ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು, ಆಮೇಲೆ ಸಾಸಿನ ಬಾಟಲಿಗೆ ಇಳಿಯಿತು. ಕಿವಿಯ ತುದಿ ಕೆಂಪೇರಿದ್ದನ್ನು ನಾನು ನೋಡಿದೆ. ಇಷ್ಟವಿಲ್ಲದವನ ಕಿವಿ ಯಾಕೆ ಕೆಂಪಾಗಬೇಕೆಂದು ನನಗೆ ಅರ್ಥವಾಗಲಿಲ್ಲ.

"ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗೋದು. ಅಷ್ಟಕ್ಕೆ ಎಷ್ಟು ಕಚ್ಚಾಡ್ತೀರೋ" ಎಂದು ಹಾಲಿಸ್ ಮಾಮ ಬಂದು ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡರು.

"ಮಾಮ, ಅದು ಅವರ ನಡುವಿನ ಆಟಗಾರ" ಅಂದೆ.

"ಈಗಿಲ್ಲ. ನಡುವೆ ಜಾಗ ಆಯ್ತು, ನುಗ್ಗಿ." ಮಾಮ ತುಟಿಗೆ ಅಂಟಿದ ಪುಡಿ ಒರೆಸಿಕೊಂಡು ನಮ್ಮಿಬ್ಬರ ಕುರ್ಚಿಗಳ ನಡುವಿನ ದೂರವನ್ನು ಒಮ್ಮೆ ಕಣ್ಣಲ್ಲೇ ಅಳೆದು, ಸಮಾಧಾನವಾದವರಂತೆ ರೇಡಿಯೋ ಕಡೆ ಹೋದರು. ಅದು ಯಾಕೆಂದು ನನಗೆ ಹೊಳೆಯಲಿಲ್ಲ.

ನಾನು ಎದ್ದು ಟ್ರಕ್ಕಿನ ಹಿಂದೆ ಹೋದೆ. ಮಾಮನ ಹೆಂಡತಿ ಅರ್ನೆಸ್ಟೀನ್ ಅತ್ತೆ ಜೋಳದ ಹಿಟ್ಟಿನಲ್ಲಿ ಹೊರಳಿಸಿದ ಕೊನೆಯ ಸುತ್ತಿನ ಮೀನನ್ನು ಎಣ್ಣೆಗೆ ಬಿಡುತ್ತಿದ್ದರು.

"ಅತ್ತೆ, ಆಟ ಮುಗಿದ ತಕ್ಷಣ ನಮ್ಮ ಬಸ್ ಹೊರಡುತ್ತೆ. ಆಮೇಲೆ ಸಿಗೋಕಾಗಲ್ವೇನೋ. ಈಗಲೇ ಹೇಳಿ ಹೋಗ್ತೀನಿ" ಅಂದೆ. ದನಿ ಸರಿಯಾಗಿರಲೆಂದು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ.

"ಥೆರನ್‌ಗೆ ಹೇಳಿದ್ಯೇನೇ?"

"ಅವರಿಗೆ ನನ್ನ ಹತ್ರ ಮಾತೇ ಇಲ್ವಲ್ಲ ಅತ್ತೆ. ಅವತ್ತು ಗೇಟಿನವರೆಗೆ ನಡೆದದ್ದೇ ಅವರಿಗೆ ಸಾಕಾಗಿರ್ಬೇಕು."

ಅತ್ತೆ ಜಾಲರಿ ಸೌಟನ್ನು ಕೆಳಗಿಟ್ಟರು. ಎಣ್ಣೆಯಲ್ಲಿ ಮೀನಿರುವಾಗ ಅವರು ಸೌಟು ಕೆಳಗಿಟ್ಟದ್ದನ್ನು ನಾನು ಆರು ವರ್ಷದಲ್ಲಿ ಕಂಡಿರಲಿಲ್ಲ.

"ನಿನಗೆ ಯಾರೂ ಹೇಳೇ ಇಲ್ವಾ?"

"ಏನನ್ನ?"

"ಅಯ್ಯೋ ಮಗಳೇ" ಎಂದು ಅವರು ಐಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತರು. "ಅವತ್ತು ಸೋತ್ವಲ್ಲ. ಸೋತ ಮೇಲೆ, ನೀನು ಟ್ರಕ್ಕಿನ ಹತ್ರ ಬರೋಕೆ ಮುಂಚೆ, ನಿಮ್ಮ ಮಾಮ ಎಲ್ಲರನ್ನೂ ನಿಲ್ಲಿಸ್ಕೊಂಡು ಕೇಳಿದ್ರು, ಯಾರು ಇವತ್ತು ಹೊಸದಾಗಿ ಏನು ಮಾಡಿದ್ರಿ ಅಂತ. ಒಬ್ಬರು ಕಾಲುಚೀಲ ಒಗೆದಿದ್ದೆ ಅಂದ್ರು. ನಾನು ಹಿಟ್ಟಿನ ಅಂಗಡಿ ಬದಲಾಯಿಸಿದ್ದೆ, ಒಪ್ಕೊಂಡೆ. ಇವನು ತಲೆ ತಗ್ಗಿಸಿ ನಿಂತು, ನಾನು ಲವೋನ್ ಜೊತೆ ಗೇಟಿನವರೆಗೆ ನಡೆದೆ ಅಂದ. ಅಲ್ಲಿಗೆ ಸಿಕ್ಕಿಬಿತ್ತಲ್ಲ ಕಾರಣ."

"ನಾನಾ ಕಾರಣ?"

"ನೀನಲ್ಲ, ನಡಿಗೆ. ಸರಿ, ಬೆಲ್‌ಫೋರ್ಡ್ ತಂಡ ಆಡ್ತಾ ಇರೋವರೆಗೆ ಆಟದ ದಿನ ಅವಳ ಹತ್ರ ಫುಟ್ಬಾಲ್ ಬಿಟ್ಟು ಬೇರೆ ಮಾತಾಡಲ್ಲ ಅಂತ ಮಾಮನ ಕೈ ಹಿಡಿದು ಮಾತು ಕೊಟ್ಟ. ಮುಂದಿನ ವಾರ ನಲವತ್ತು ಪಾಯಿಂಟ್ ಹೊಡೆದು ಗೆದ್ವಿ. ಅದರ ಮುಂದಿನ ವಾರಾನೂ. ಇಲ್ಲೀವರೆಗೆ ನೀವಿಬ್ರೂ ಇದ್ದ ಆಟ ಹನ್ನೊಂದು, ಹನ್ನೊಂದೂ ಗೆಲುವು. ಇನ್ನು ಬಾಯಿ ಬಿಡೋಕೆ ಯಾರಿಗಿದೆ ಧೈರ್ಯ? ನಿನಗೆ ಹೇಳಿದ್ರೆ ಫಲ ಹೋಗುತ್ತೆ ಅಂತ ನನ್ನ ಬಾಯಿಗೂ ಬೀಗ. ಆದ್ರೂ ನೀನು ಊಹಿಸಿರ್ತೀಯ ಅಂದ್ಕೊಂಡಿದ್ದೆ. ನಮ್ಮ ಜನರ ನಡುವೆ ಇದ್ದೂ ಇಷ್ಟು ಗೊತ್ತಾಗ್ಲಿಲ್ವಾ ನಿನಗೆ?"

ಮೊದಲು ಸಿಟ್ಟು ಬಂತು. ಹದಿನಾಲ್ಕು ತಿಂಗಳು ನಾನು ಕನ್ನಡಿಯ ಮುಂದೆ ನಿಂತು ನನ್ನಲ್ಲೇನು ಕೊರತೆ ಎಂದು ಹುಡುಕಿದ್ದೆ. ಮೂವತ್ತೆಂಟು ವಯಸ್ಸಾಯಿತಲ್ಲ ಎಂದುಕೊಂಡಿದ್ದೆ, ಬಾಯಿ ಜಾಸ್ತಿ ಎಂದುಕೊಂಡಿದ್ದೆ. ಆಮೇಲೆ ಸಿಟ್ಟಿನ ಹಿಂದೆಯೇ ಸಂತೋಷ ನುಗ್ಗಿ ಬಂತು. ಅವನಿಗೆ ನಾನು ಬೇಡವಾಗಿರಲಿಲ್ಲ.

ಅವನನ್ನು ಹುಚ್ಚ ಎಂದು ಬೈಯೋಣವೆಂದರೆ ನಾನೇ ಈಗ ತೊಟ್ಟಿದ್ದ ಹಸಿರು ಸ್ವೆಟರಿಗೆ ಮೊಣಕೈಯಲ್ಲಿ ತೇಪೆ ಇತ್ತು. ಸೋತದ್ದರ ಮುಂದಿನ ವಾರ ಹಾಕಿಕೊಂಡಿದ್ದೆ, ಗೆದ್ದೆವು. ಅಲ್ಲಿಂದ ಹನ್ನೊಂದು ಆಟಕ್ಕೂ ಅದೇ ಸ್ವೆಟರು. ನಾನೂ ಅದೇ ಜಾತಿಯ ಕೊಕ್ಕರೆ.

ಆದ್ದರಿಂದ ಮೂರನೆಯದಾಗಿ ಬಂದದ್ದು ಭಯ. ಆಟಕ್ಕಿನ್ನು ಒಂದು ಗಂಟೆಯೂ ಇರಲಿಲ್ಲ. ಅವನು ಈಗ ಬಾಯಿ ಬಿಟ್ಟರೆ ತೊಂಬತ್ತೆಂಟು ವರ್ಷದ ತಂಡದ ಕೊನೆಯ ಪಂದ್ಯ ಸೋತೇವು. ಬಿಡದಿದ್ದರೆ ಆಟ ಮುಗಿದ ಗದ್ದಲದಲ್ಲಿ, ಅರ್ಧ ಗಂಟೆಯಲ್ಲಿ, ಹತ್ತು ಸಾವಿರ ಜನರ ನಡುವೆ, ಯಾವ ಗೇಟಿನಿಂದ ಯಾರು ಬರುತ್ತಾರೋ. ಬಸ್ಸು ಕಾಯುವುದಿಲ್ಲ. ಎರಡೂ ನನಗೆ ಬೇಕಿತ್ತು, ಎರಡೂ ಒಟ್ಟಿಗೆ ಸಿಗುವ ದಾರಿ ಕಾಣಲಿಲ್ಲ.

ಮೇಜಿಗೆ ಮರಳಿ ಬಂದು ಈಚೆ ಬದಿಯಲ್ಲೇ ಕೂತೆ. ಥೆರನ್ ನಿಂಬೆಗಳನ್ನು ಮತ್ತೆ ಜೋಡಿಸುತ್ತಿದ್ದ. ನನ್ನ ಮುಖ ನೋಡಿದವನೇ ಕೈ ನಿಲ್ಲಿಸಿದ. ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಯಿತು. ಇಬ್ಬರೂ ಬೆಪ್ಪರ ಹಾಗೆ ಒಂದು ಸಾಸಿನ ಬಾಟಲಿಯನ್ನೇ ನೋಡಿಕೊಂಡು ಕೂತೆವು.

"ಹಾಗಾದ್ರೆ" ಎಂದೆ. ಫುಟ್ಬಾಲನ್ನೇ ಮಾತಾಡಬೇಕಲ್ಲ. "ಆಟದ ಕೊನೇಲಿ ಎರಡು ಗಜ ಬೇಕು, ಒಂದೇ ಅವಕಾಶ ಉಳಿದಿದೆ ಅಂತಿಟ್ಕೊಳ್ಳಿ. ಆಗ್ಲೂ ಓಟವೇನಾ?"

"ಆಗ್ಲೂ ಓಟವೇ. ಎಡ ಗಾರ್ಡ್ ಹಿಂದೆ." ಅವನ ದನಿ ತಗ್ಗಿತ್ತು. "ನಂಬಿಕೆ ಇರೋ ಕಡೆನೇ ಹೋಗ್ಬೇಕು ಮೇಡಂ."

"ನನಗೆ ಈಗ ಒಂದೇ ಒಂದು ವಿಷಯ ಹೇಳೋದಿದೆ. ನೀವು ಉತ್ತರ ಕೊಡ್ಬೇಡಿ. ಆಟ ಮುಗಿದ ಅರ್ಧ ಗಂಟೆಗೆ ನನ್ನ ಬಸ್ಸು. ಬಿಳಿ ಬಸ್ಸು, ಪಶ್ಚಿಮದ ಗೇಟಿನ ಹತ್ರ. ಸಿಕ್ಕಿದ್ರೆ ಸಿಗಿ."

ಥೆರನ್ ಕಿವಿ ಎಳೆದುಕೊಂಡ. ಸ್ಟೇಡಿಯಮ್ಮಿನ ಕಡೆ ನೋಡಿದ, ರೇಡಿಯೋ ಪಕ್ಕದಲ್ಲಿದ್ದ ಮಾಮನನ್ನು ನೋಡಿದ. ಆಮೇಲೆ ಎದ್ದು ಮೇಜು ಸುತ್ತಿಕೊಂಡು ನನ್ನ ಕಡೆ ಬರತೊಡಗಿದ. ಹದಿನಾಲ್ಕು ತಿಂಗಳಲ್ಲಿ ಅವನು ಆ ಮೇಜು ದಾಟಿರಲಿಲ್ಲ.

"ಥೆರನ್" ಎಂದು ಮಾಮ ಕೂಗಿದರು. "ಇನ್ನು ನಲವತ್ತು ನಿಮಿಷ ಕಣೋ. ಆಟ ಮುಗೀಲಿ."

ಅವನು ನಿಲ್ಲಲಿಲ್ಲ.

"ಬೇಡ ಥೆರನ್" ಎಂದು ನಾನೇ ಎದ್ದು ನಿಂತೆ. "ನಾನು ಕಾಯ್ತೀನಿ. ಇದು ಕೊನೇ ಪಂದ್ಯ."

"ಕೊನೇದು ಅಂತಾನೇ ಬಂದೆ" ಎಂದ. "ಹನ್ನೊಂದು ಗೆಲುವಿಗೆ ನಿಮ್ಮನ್ನ ದೂರ ಇಟ್ಟೆ. ಹನ್ನೆರಡನೇದಕ್ಕೂ ಇಟ್ರೆ, ಆಮೇಲೆ ಆ ಗೆಲುವು ಇಟ್ಕೊಂಡು ಮನೇಲಿ ಒಬ್ನೇ ಏನು ಮಾಡ್ಲಿ?"

ಪಕ್ಕದ ಟ್ರಕ್ಕಿನವರೂ ಕತ್ತು ಚಾಚಿ ನೋಡುತ್ತಿದ್ದರು. ಎಲ್ಲರೂ ಹಸಿರು ಬಟ್ಟೆಯವರೇ, ಎಲ್ಲರಿಗೂ ಹನ್ನೊಂದರ ಲೆಕ್ಕ ಗೊತ್ತಿತ್ತು. ಥೆರನ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಐದು ವರ್ಷ ಗಾರ್ಡ್ ಆಡಿದೆ, ಲವೋನ್. ಒಂದ್ಸಲಾನೂ ಚೆಂಡು ನನ್ನ ಕೈಗೆ ಬರ್ಲಿಲ್ಲ. ಬೇರೆಯವರಿಗೆ ದಾರಿ ಬಿಡಿಸೋದು ಬರುತ್ತೆ. ನನಗೋಸ್ಕರ ಕೇಳೋದು ಬರಲ್ಲ. ತಪ್ಪಾದ್ರೆ ನಗ್ಬೇಡಿ." ನೆಲ ನೋಡಿದ, ಆಮೇಲೆ ನನ್ನನ್ನು ನೋಡಿದ. "ನನಗೆ ನೀವು ಬೇಕು. ಶನಿವಾರ ಅಲ್ಲದ ದಿನಗಳಲ್ಲೂ ಬೇಕು. ಅವತ್ತು ಕೇಳ್ಬೇಕಿದ್ದ ಮಾತು ಇದೇ."

ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನ್ನ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

"ನನಗೆ ಸಿಟ್ಟಿದೆ" ಎಂದೆ. ಕಣ್ಣು ತುಂಬಿ ಅವನ ಮುಖ ಮಸುಕಾಗಿತ್ತು. "ಹದಿನಾಲ್ಕು ತಿಂಗಳಿನ ಸಿಟ್ಟು."

"ಇರ್ಬೇಕಾದ್ದೇ. ತೀರೋಕೆ ಎಷ್ಟು ದಿನ ಬೇಕು?"

"ಬಹಳ ದಿನ ಬೇಕಾಗುತ್ತೆ."

"ನನಗೂ ಅದೇ ಬೇಕಾಗಿರೋದು" ಎಂದ. ನಾನು ಅಳುತ್ತಳುತ್ತಲೇ ನಕ್ಕುಬಿಟ್ಟೆ, ಅವನ ಟೋಪಿಯ ಮೇಲಿದ್ದ ಕೈಯ ಮೇಲೆ ನನ್ನ ಕೈ ಇಟ್ಟೆ. ಎಂಜಿನ್ನು ಬಿಚ್ಚಿ ಬಿಚ್ಚಿ ಒರಟಾದ ಕೈ.

ಹಾಲಿಸ್ ಮಾಮ ರೇಡಿಯೋ ಆರಿಸಿದರು. "ಸರಿ. ಸೋತ್ವಿ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ನಮಗೆ ಬೆನ್ನು ಹಾಕಿ ಟ್ರಕ್ಕಿನ ಅಂಚಿನಲ್ಲಿ ಕೂತರು. ಹಿಂದುಗಡೆ ಮೀನು ಸೀದ ವಾಸನೆ ಬರುತ್ತಿತ್ತು. ಅರ್ನೆಸ್ಟೀನ್ ಅತ್ತೆ ಸೌಟು ಎತ್ತಿಕೊಳ್ಳುವುದನ್ನೇ ಮರೆತು ಕಣ್ಣೊರೆಸಿಕೊಳ್ಳುತ್ತಿದ್ದರು.

ನಾವು ಗೇಟಿನವರೆಗೆ ನಡೆದೆವು. ಈ ಸಲ ತೋಳು ತಾಗಿದ್ದಕ್ಕೆ ಅವನು ಸಾರಿ ಹೇಳಲಿಲ್ಲ.

ಆಟದ ಮೊದಲ ಎಸೆತಕ್ಕೆ ನಾನು ಅವನ ತೋಳನ್ನು ಚಿವುಟಿದೆ. ಪ್ರೂಯಿಟ್ ಓಟಗಾರನಿಗೆ ಚೆಂಡು ಕೊಟ್ಟ ಹಾಗೆ ಮಾಡಿ, ಕೊಡದೆ, ಹಿಂದಕ್ಕೆ ಸರಿದು ಉದ್ದಕ್ಕೆ ಎಸೆದ. ನಲವತ್ತೊಂದು ಗಜ. ನಮ್ಮವನೇ ಹಿಡಿದ. ಥೆರನ್ ನನ್ನನ್ನು ನೆಲದಿಂದ ಎತ್ತಿ ಇಳಿಸಿ, "ನೀವೇ ಕೋಚ್‌ಗೆ ಹೇಳಿಕೊಟ್ರಾ?" ಎಂದ. ಎರಡು ಸಾಲು ಕೆಳಗೆ ಕೂತಿದ್ದ ಮಾಮ ಅರ್ಧ ಎದ್ದು, ಏನೋ ನೆನಪಾದವರಂತೆ ಮತ್ತೆ ಕೂತರು.

ಮೂರು ಗಂಟೆ ಹಾಗೇ ಮೇಲೆ ಕೆಳಗೆ ತೂಗಿತು. ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ನಾವು ನಾಲ್ಕು ಪಾಯಿಂಟ್ ಹಿಂದೆ, ಗೆಲುವಿನ ಗೆರೆಗೆ ಎರಡೇ ಗಜ, ಉಳಿದದ್ದು ಒಂದೇ ಅವಕಾಶ. ನಮ್ಮವರು ಎಡ ಗಾರ್ಡ್ ಹಿಂದೆಯೇ ಓಡಿದರು. ಇಡೀ ರಾಶಿ ಒಂದರ ಮೇಲೊಂದು ಬಿತ್ತು. ಒಬ್ಬೊಬ್ಬರನ್ನಾಗಿ ಎಬ್ಬಿಸಿ ನೋಡಿದಾಗ ಚೆಂಡು ಗೆರೆಗಿಂತ ಒಂದು ಗೇಣು ಈಚೆ ಇತ್ತು.

ನಮ್ಮ ಕಡೆಯವರು ಯಾರೂ ಜಾಗ ಬಿಟ್ಟು ಕದಲಲಿಲ್ಲ. ವಾದ್ಯದವರು ಕಾಲೇಜಿನ ಹಾಡು ನುಡಿಸಿದರು, ನುಡಿಸಿ ಮುಗಿಸಿ ಮತ್ತೆ ಮೊದಲಿಂದ ನುಡಿಸಿದರು. ಇನ್ನು ಮುಂದೆ ಎಲ್ಲೂ ನುಡಿಸುವುದಿಲ್ಲವಲ್ಲ. ಥೆರನ್‌ನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ನಾನು ಆ ಸ್ವೆಟರಿನ ತೋಳಿನಿಂದಲೇ ಒರೆಸಿದೆ.

"ಬೇಜಾರಾಯ್ತಾ?" ಎಂದು ಕೇಳಿದೆ. ಏನನ್ನು ಕೇಳುತ್ತಿದ್ದೇನೆಂದು ಅವನಿಗೆ ತಿಳಿಯಿತು.

"ಎದೆ ಒಡೆದೋಗಿದೆ" ಎಂದ. "ಆದ್ರೆ ಇವತ್ತು ಬೆಳಿಗ್ಗೆ ಮತ್ತೆ ಬಂದ್ರೆ ಮತ್ತೆ ಆ ಮೇಜು ದಾಟ್ತೀನಿ."

ಮಾಮ ನಮ್ಮ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದರು. ನನಗೆ ಅದೇ ಹೆಚ್ಚು ನೋವಾಯಿತು. ತಂದೆಯಿಲ್ಲದ ಥೆರನ್‌ನನ್ನು ಬೆಳೆಸಿದವರು ಅವರು. ಇವಳಿಂದಲೇ ಸೋತೆವು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟರೆ, ಅದನ್ನು ತೆಗೆಯಲು ಇನ್ನೊಂದು ಪಂದ್ಯವೂ ಇಲ್ಲ.

ಪಶ್ಚಿಮದ ಗೇಟಿಗೆ ಓಡುತ್ತಾ ಬಂದೆವು. ಬಿಳಿ ಬಸ್ಸು ಎಂಜಿನ್ ಶುರು ಮಾಡಿಕೊಂಡು ನಿಂತಿತ್ತು. ಥೆರನ್ ನನ್ನ ನಂಬರನ್ನು ತನ್ನ ಅಂಗೈ ಮೇಲೆ ಬರೆಸಿಕೊಂಡ, ಬುಧವಾರ ಬರುತ್ತೇನೆ ಎಂದ, ಬುಧವಾರ ತುಂಬಾ ದೂರ ಎಂದು ನಾನೇ ಹೇಳಿದೆ. ಅಷ್ಟರಲ್ಲಿ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ನಿಮ್ಮ ಬ್ಯಾಗು ಇಲ್ಲಿಲ್ಲಮ್ಮ. ಯಾರೋ ಅಜ್ಜ ಬಂದು ಇಳಿಸ್ಕೊಂಡು ಹೋದ್ರು. ಬೇಡ ಅಂದ್ರೂ ಕೇಳ್ಲಿಲ್ಲ" ಎಂದ.

ಬಸ್ಸಿನ ಹಿಂದೆ ಹಾಲಿಸ್ ಮಾಮ ನಿಂತಿದ್ದರು, ನನ್ನ ನೀಲಿ ಬ್ಯಾಗನ್ನು ಎರಡೂ ತೋಳಲ್ಲಿ ತಬ್ಬಿಕೊಂಡು. ಕಣ್ಣು ಕೆಂಡದ ಹಾಗಿತ್ತು. ಆಚೆ ಅತ್ತೆ ಟ್ರಕ್ಕಿನ ಮುಂದಿನ ಸೀಟಿನಿಂದ ಪಾತ್ರೆಗಳನ್ನೆಲ್ಲ ತೆಗೆದು ಹಿಂದಕ್ಕೆ ಹಾಕುತ್ತಿದ್ದರು.

"ಮಾಮ, ಬ್ಯಾಗು" ಎಂದೆ. "ನನ್ನ ಬಸ್ಸು ಹೊರಡ್ತಾ ಇದೆ."

"ಹೊರಡ್ಲಿ" ಎಂದರು. "ತೊಂಬತ್ತೆಂಟು ವರ್ಷದ ಫುಟ್ಬಾಲಿನ ಕೊನೇ ಪಂದ್ಯ ಕೊಟ್ಟು ತಗೊಂಡಿದ್ದೀವಿ ಕಣಮ್ಮ ನಿನ್ನ. ಬಸ್ಸಲ್ಲಿ ಕಳಿಸ್ತೀವಾ?"

ನಾನು ಅವರ ಕುತ್ತಿಗೆ ತಬ್ಬಿಕೊಂಡು ಗಟ್ಟಿಯಾಗಿ ಅಳತೊಡಗಿದೆ. ಅವರೂ ಅತ್ತರು, ಎಡ ಗಾರ್ಡನ್ನು ಬೈಯುತ್ತಾ ಅತ್ತರು. ನಮ್ಮಿಬ್ಬರ ಅಳು ಮುಗಿಯುವವರೆಗೆ ಥೆರನ್ ಟ್ರಕ್ಕಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದ.